ಒಂದೇ ಮನೆಗೆ ಎರಡು ಒಲೆ: ಅಗ್ಗದ ವಿಮಾನದ ಕಥೆ

ಉಜಿರೆ ದಾಟಿ ಚಾರ್ಮಾಡಿ ಘಾಟಿಯ ತಿರುವುಗಳನ್ನು ಹತ್ತಿ ಕೊಟ್ಟಿಗೆಹಾರ ಸೇರುವ ದಾರಿ, ಕರಾವಳಿಯವರನ್ನು ಘಟ್ಟದ ಮೇಲಿನವರ ಜತೆ ಜೋಡಿಸುವ ಹಳೆಯ ದಾರಿಗಳಲ್ಲಿ ಒಂದು. ಈ ದಾರಿಯಲ್ಲಿ ಚಿಕ್ಕಮಗಳೂರಿಗೆ ಹೋಗುವ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಕೆಂಪು ಬಸ್ಸನ್ನು ಕಂಡರೆ ಯಾರಿಗೂ ಪರಿಚಯ ಹೇಳಬೇಕಿಲ್ಲ. ಅದೇ ಸಂಸ್ಥೆ ಮಂಗಳೂರಿನಿಂದ ಬೆಂಗಳೂರಿಗೆ ರಾಜಹಂಸವನ್ನೂ ಓಡಿಸುತ್ತದೆ, ಐರಾವತವನ್ನೂ ಓಡಿಸುತ್ತದೆ. ಯಜಮಾನ ಒಬ್ಬನೇ, ಹೆಸರು, ಬಣ್ಣ, ಸೀಟು, ದರ ಮಾತ್ರ ಬೇರೆ ಬೇರೆ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂದು ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೂ ರಾಜಹಂಸ, ಐರಾವತಗಳು ನಿಂತುಹೋಗಲಿಲ್ಲ.

ಬಸ್ಸಿನಲ್ಲಿ ಇಷ್ಟು ಸಲೀಸಾಗಿ ನಡೆಯುವ ಈ ವ್ಯವಸ್ಥೆ ವಿಮಾನದಲ್ಲಿ ಏಕೆ ನಡೆಯುವುದಿಲ್ಲ? ದೊಡ್ಡ ವಿಮಾನಯಾನ ಸಂಸ್ಥೆಯೊಂದು ತನ್ನದೇ ಯಜಮಾನಿಕೆಯಲ್ಲಿ, ಇನ್ನೊಂದು ಹೆಸರಿನಲ್ಲಿ, ಅಗ್ಗದ ದರದ ವಿಮಾನಗಳನ್ನು ಹಾರಿಸುವುದು ಲಾಭವೇ, ನಷ್ಟವೇ? ಕಳೆದ 30 ವರ್ಷಗಳಲ್ಲಿ ಜಗತ್ತಿನ ಹಲವು ಹೆಸರಾಂತ ಸಂಸ್ಥೆಗಳು ಈ ಪ್ರಯೋಗ ಮಾಡಿವೆ. ಹೆಚ್ಚಿನವು ಕೈಸುಟ್ಟುಕೊಂಡಿವೆ. ಕೆಲವು ಮಾತ್ರ ಗೆದ್ದಿವೆ. ಸೋಲಿನ ಒಂದು ದೊಡ್ಡ ಉದಾಹರಣೆ ನಮ್ಮ ಬೆಂಗಳೂರಿನದು. ಗೆಲುವಿನ ಒಂದು ಉದಾಹರಣೆ ನಮ್ಮ ಬಜಪೆಯಲ್ಲೇ ದಿನವೂ ಇಳಿಯುತ್ತದೆ.

ಇದು ಕೇವಲ ಕಂಪನಿಗಳ ಲೆಕ್ಕಾಚಾರವೆಂದು ತಳ್ಳಿಹಾಕುವಂತಿಲ್ಲ. 2019ರ ಆಗಸ್ಟ್‌ನ ಮಳೆಗೆ ಚಾರ್ಮಾಡಿ ಘಾಟಿ ಹಲವೆಡೆ ಕುಸಿದಾಗ ದೊಡ್ಡ ವಾಹನಗಳು ತಿಂಗಳುಗಟ್ಟಲೆ ಈ ದಾರಿಯಲ್ಲಿ ಓಡಾಡಲಿಲ್ಲ. ಅದಕ್ಕೂ ಹಿಂದಿನ ವರ್ಷ ಶಿರಾಡಿ ಘಾಟಿ ಕುಸಿದಿತ್ತು. ಘಟ್ಟದ ದಾರಿಗಳು ಕೈಕೊಟ್ಟ ಮಳೆಗಾಲದಲ್ಲಿ ಬೆಂಗಳೂರಿನ ಆಸ್ಪತ್ರೆಗೋ ಸಂದರ್ಶನಕ್ಕೋ ಹೊರಟವರಿಗೆ ವಿಮಾನ ಶೋಕಿಯಲ್ಲ, ಅಗತ್ಯ. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಗನಿರುವ ಮನೆಗಳಿಗಂತೂ ಟಿಕೆಟ್ಟಿನ ದರವೆಂದರೆ ಅವನು ಈ ವರ್ಷ ಊರಿಗೆ ಬರುತ್ತಾನೋ ಇಲ್ಲವೋ ಎಂಬ ಪ್ರಶ್ನೆಯೇ ಆಗಿದೆ.

ಡೆಕ್ಕನ್ ತೆರೆದ ಬಾಗಿಲು

ನಮ್ಮ ದೇಶದಲ್ಲಿ ಈ ಕಥೆ ಶುರುವಾಗುವುದು ಕರ್ನಾಟಕದಿಂದಲೇ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೈನ್ಯದಲ್ಲಿದ್ದವರು, ಬಳಿಕ ರೇಷ್ಮೆ ಕೃಷಿ ಮಾಡಿದವರು, ಆಮೇಲೆ ಹೆಲಿಕಾಪ್ಟರ್ ಬಾಡಿಗೆಯ ವ್ಯವಹಾರಕ್ಕೆ ಇಳಿದವರು. 2003ರ ಆಗಸ್ಟ್‌ನಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರು-ಹುಬ್ಬಳ್ಳಿ ನಡುವೆ ಎಟಿಆರ್ ಎಂಬ ಚಿಕ್ಕ ವಿಮಾನ ಹಾರಿಸಿತು. ಊಟ, ತಿಂಡಿ ಪುಕ್ಕಟೆ ಇಲ್ಲ, ಬೇಕಾದವರು ದುಡ್ಡು ಕೊಟ್ಟು ಕೊಳ್ಳಬೇಕು. ಮುಂಚಿತವಾಗಿ ಕಾದಿರಿಸಿದವರಿಗೆ ಕಡಿಮೆ ದರ. ಅದೃಷ್ಟವಿದ್ದವರಿಗೆ ಒಂದು ರೂಪಾಯಿಗೂ ಟಿಕೆಟ್. ಆರ್.ಕೆ. ಲಕ್ಷ್ಮಣ್ ಅವರ 'ಶ್ರೀಸಾಮಾನ್ಯ'ನೇ ಆ ಸಂಸ್ಥೆಯ ಗುರುತು.

ಅಲ್ಲಿಯ ತನಕ ವಿಮಾನ ಹತ್ತುವವರೆಂದರೆ ಅಧಿಕಾರಿಗಳು, ಉದ್ಯಮಿಗಳು ಎಂಬ ಭಾವನೆಯಿತ್ತು. ರೈಲಿನ ಹವಾನಿಯಂತ್ರಿತ ಬೋಗಿಯಲ್ಲಿ ಹೋಗುತ್ತಿದ್ದವರು ವಿಮಾನದ ಲೆಕ್ಕ ಹಾಕತೊಡಗಿದ್ದು ಡೆಕ್ಕನ್ ಬಂದ ಮೇಲೆ. 2005ರಲ್ಲಿ ಸ್ಪೈಸ್‌ಜೆಟ್, 2006ರಲ್ಲಿ ಇಂಡಿಗೊ ಅದೇ ಹಾದಿ ಹಿಡಿದವು. ಹಳೆಯ ದೊಡ್ಡ ಸಂಸ್ಥೆಗಳಿಗೆ ಆಗ ನಿದ್ದೆ ಕೆಟ್ಟಿತು. ಗಿರಾಕಿ ಕೈಬಿಟ್ಟು ಹೋಗುವ ಮೊದಲು ನಾವೇ ಒಂದು ಅಗ್ಗದ ಅಂಗಡಿ ತೆರೆಯಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಹೀಗೆ.

ಅಗ್ಗ ಎಲ್ಲಿಂದ ಬರುತ್ತದೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಅಗ್ಗದ ವಿಮಾನದ ಗುಟ್ಟು ಕಾಫಿ, ಉಪ್ಪಿಟ್ಟು ನಿಲ್ಲಿಸುವುದರಲ್ಲಿ ಇಲ್ಲ. ಅದರಿಂದ ಉಳಿಯುವುದು ಅಲ್ಪ. ಇಂಧನದ ಬೆಲೆಯೂ ತೆರಿಗೆಯೂ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಉಳಿತಾಯ ಇರುವುದು ಬೇರೆ ಕಡೆ.

ಮೊದಲನೆಯದು ಸೀಟಿನ ಸಂಖ್ಯೆ. ಏರ್‌ಬಸ್ ಎ320 ವಿಮಾನದಲ್ಲಿ ಎರಡು ದರ್ಜೆ ಇಟ್ಟರೆ ಸುಮಾರು 150 ಸೀಟು ಹಿಡಿಸುತ್ತವೆ. ಒಂದೇ ದರ್ಜೆ ಮಾಡಿ ಹತ್ತಿರ ಹತ್ತಿರ ಕೂರಿಸಿದರೆ 180 ಹಿಡಿಸುತ್ತವೆ. ಲೆಕ್ಕಕ್ಕಾಗಿ ಒಂದು ಹಾರಾಟದ ಖರ್ಚು 6 ಲಕ್ಷ ರೂ. ಎಂದಿಟ್ಟುಕೊಳ್ಳೋಣ. ವಿಮಾನ ತುಂಬಿದ್ದರೆ ಮೊದಲನೆಯದರಲ್ಲಿ ಒಂದು ಸೀಟಿಗೆ ಬೀಳುವ ಖರ್ಚು 4,000 ರೂ.; ಎರಡನೆಯದರಲ್ಲಿ ಸುಮಾರು 3,330 ರೂ.

ಎರಡನೆಯದು ಸಮಯ. ನಿಂತ ವಿಮಾನ ದುಡಿಯುವುದಿಲ್ಲ. ಇಳಿದ ಅರ್ಧ ಗಂಟೆಯೊಳಗೆ ಮತ್ತೆ ಏರಿದರೆ ದಿನಕ್ಕೆ ಒಂದೆರಡು ಹಾರಾಟ ಹೆಚ್ಚು ಸಿಗುತ್ತದೆ. ಮೂರನೆಯದು ಒಂದೇ ಜಾತಿಯ ವಿಮಾನ. ಪೈಲಟ್‌ಗಳ ತರಬೇತಿ, ಬಿಡಿಭಾಗಗಳ ದಾಸ್ತಾನು, ಎಂಜಿನಿಯರುಗಳ ಕೆಲಸ ಎಲ್ಲವೂ ಒಂದೇ ಬಗೆಯದಾಗುತ್ತದೆ. ನಾಲ್ಕನೆಯದು ನೇರ ಪ್ರಯಾಣ. ಒಂದು ವಿಮಾನದಿಂದ ಇನ್ನೊಂದಕ್ಕೆ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ದಾಟಿಸುವ ಹೊಣೆ ಇರುವುದಿಲ್ಲ. ಐದನೆಯದು ಸಿಬ್ಬಂದಿ. ಹೊಸ ಸಂಸ್ಥೆಯಲ್ಲಿ ಹೊಸಬರು. ಹಳೆಯ ಸಂಸ್ಥೆಯ ವೇತನ, ಭತ್ಯೆಗಳ ಭಾರ ಇರುವುದಿಲ್ಲ.

ಅಂದರೆ ದರ ಕಡಿಮೆ ಇರುವುದು ಖರ್ಚು ಕಡಿಮೆ ಇರುವುದರಿಂದ. ಖರ್ಚು ಹಾಗೆಯೇ ಇದ್ದು ದರ ಮಾತ್ರ ಇಳಿಸಿದರೆ ಅದು ವ್ಯಾಪಾರವಾಗುವುದಿಲ್ಲ, ದಾನವಾಗುತ್ತದೆ.

ಬಸ್ಸಿಗೂ ವಿಮಾನಕ್ಕೂ ಇರುವ ಇನ್ನೊಂದು ವ್ಯತ್ಯಾಸವೂ ಇಲ್ಲಿ ಮುಖ್ಯ. ಮಂಗಳೂರಿನಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತವರಿಗೆ ಕೆಂಪು ಬಸ್ಸಿನ ಸೀಟಿಗೂ ಐರಾವತದ ಸೀಟಿಗೂ ಇರುವ ಅಂತರ ಬೆನ್ನಿಗೇ ಗೊತ್ತಾಗುತ್ತದೆ. ಆ ನಿದ್ದೆಗಾಗಿ ಹೆಚ್ಚು ಹಣ ಕೊಡಲು ಅವರು ಸಿದ್ಧ. ವಿಮಾನದಲ್ಲಿ ಅದೇ ದಾರಿ ಸುಮಾರು ಒಂದು ಗಂಟೆಯದು. ಒಂದು ಗಂಟೆಯ ಮಟ್ಟಿಗೆ ಕಾಲು ಮಡಚಿ ಕೂರಲು ಯಾರೂ ಹಿಂಜರಿಯುವುದಿಲ್ಲ. ಹಾಗಾಗಿ ತಮ್ಮನ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವಾಗ ಅಣ್ಣನ ಅಂಗಡಿಗೆ ಹೋಗುವವರು ಕಡಿಮೆಯಾಗುತ್ತಾರೆ.

ಇದರ ಪೆಟ್ಟು ಎಷ್ಟೆಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 6,000 ರೂ. ಕೊಡುತ್ತಿದ್ದ 20 ಮಂದಿ 3,500 ರೂ. ದರದ ವಿಮಾನಕ್ಕೆ ಹೋದರೆ ಮನೆಗೆ ನಷ್ಟ 50,000 ರೂ. ಅಗ್ಗದ ಟಿಕೆಟ್ಟಿನಲ್ಲಿ ತಲೆಗೆ 500 ರೂ. ಉಳಿಯುತ್ತದೆಂದರೆ, ಆ ನಷ್ಟ ತುಂಬಲು ಹಿಂದೆಂದೂ ವಿಮಾನ ಹತ್ತದ 100 ಮಂದಿಯನ್ನು ಹೊಸದಾಗಿ ಹುಡುಕಿ ತರಬೇಕು.

ಕೆಂಪು ಬಣ್ಣದ ಕಿಂಗ್‌ಫಿಷರ್

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕಿಂಗ್‌ಫಿಷರ್ ಸಾಕ್ಷಿ. ವಿಜಯ್ ಮಲ್ಯ ಅವರ ಈ ಸಂಸ್ಥೆ 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿದಾಗ ಅದರ ಹೆಸರಿದ್ದದ್ದು ಆದರಾತಿಥ್ಯಕ್ಕೆ, ಅಗ್ಗಕ್ಕಲ್ಲ. 2007ರಲ್ಲಿ ಅದು ಏರ್ ಡೆಕ್ಕನ್‌ನ ಪಾಲು ಖರೀದಿಸಿತು. ಡೆಕ್ಕನ್‌ಗೆ ಆಗ ಪ್ರಯಾಣಿಕರಿದ್ದರು, ಆದರೆ ಲಾಭವಿರಲಿಲ್ಲ.

ಖರೀದಿಯ ಹಿಂದೆ ಇನ್ನೊಂದು ಆಸೆಯೂ ಇತ್ತು. ದೇಶದೊಳಗೆ ಐದು ವರ್ಷ ಹಾರಾಟ ನಡೆಸಿ, 20 ವಿಮಾನ ಹೊಂದಿರುವ ಸಂಸ್ಥೆಗೆ ಮಾತ್ರ ವಿದೇಶಕ್ಕೆ ಹಾರುವ ಅನುಮತಿ ಎಂಬ ನಿಯಮ ಆಗ ಜಾರಿಯಲ್ಲಿತ್ತು. 2016ರಲ್ಲಿ ಇದು ಬದಲಾಯಿತು. ಕಿಂಗ್‌ಫಿಷರ್‌ಗೆ ಐದು ವರ್ಷ ತುಂಬಲು 2010ರ ತನಕ ಕಾಯಬೇಕಿತ್ತು. ಡೆಕ್ಕನ್‌ಗೆ 2008ರ ಆಗಸ್ಟ್‌ಗೇ ತುಂಬಿತು. ಮರು ತಿಂಗಳೇ ಬೆಂಗಳೂರಿನಿಂದ ಲಂಡನ್ನಿಗೆ ಕಿಂಗ್‌ಫಿಷರ್ ಹಾರಿತು.

ಡೆಕ್ಕನ್ ಮಾತ್ರ ಹೆಸರು ಕಳೆದುಕೊಂಡು 2008ರಲ್ಲಿ 'ಕಿಂಗ್‌ಫಿಷರ್ ರೆಡ್' ಆಯಿತು. ಶ್ರೀಸಾಮಾನ್ಯನ ಚಿತ್ರ ಹೋಗಿ ಕಿಂಗ್‌ಫಿಷರ್‌ನ ಕೆಂಪು ಬಣ್ಣ ಬಂತು. ದರಗಳೂ ಮೇಲೆ ಸರಿದವು. ಪೂರ್ಣ ಸೇವೆಯ ಕಿಂಗ್‌ಫಿಷರ್ ಮತ್ತು ಅಗ್ಗದ ಕಿಂಗ್‌ಫಿಷರ್ ಎರಡೂ ಒಂದೇ ಹೆಸರು ಹೊತ್ತು, ಎಷ್ಟೋ ಕಡೆ ಒಂದೇ ಊರುಗಳ ನಡುವೆ ಹಾರಿದವು. ಅಗ್ಗ ಬೇಕಾದವರಿಗೆ ಇಂಡಿಗೊ ಇತ್ತು. ಕಿಂಗ್‌ಫಿಷರ್ ಬೇಕಾದವರಿಗೆ ಈಗ ಕಡಿಮೆ ಬೆಲೆಯ ಕಿಂಗ್‌ಫಿಷರ್ ಸಿಕ್ಕಿತು. ಎರಡು ದೋಣಿಗೆ ಕಾಲಿಟ್ಟವನ ಸ್ಥಿತಿ ಅದು.

2011ರ ಸೆಪ್ಟೆಂಬರ್‌ನಲ್ಲಿ ರೆಡ್ ಅನ್ನು ನಿಲ್ಲಿಸುವುದಾಗಿ ಮಲ್ಯ ಪ್ರಕಟಿಸಿದರು. 2010-11ರಲ್ಲಿ ಸಂಸ್ಥೆಯ ನಷ್ಟ ಸಾವಿರ ಕೋಟಿ ರೂ. ದಾಟಿತ್ತು. 2012ರ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಷರ್ ನೆಲಕ್ಕಿಳಿಯಿತು. ಇಂಧನದ ಬೆಲೆ, ಸಾಲ, ಆಡಳಿತದ ದುಂದು ಎಲ್ಲವೂ ಈ ಪತನಕ್ಕೆ ಕಾರಣವೇ. ರೆಡ್ ಒಂದನ್ನೇ ದೂರುವುದು ಸರಿಯಲ್ಲ. ಆದರೆ ಭಾರ ಇಳಿಸಬೇಕಿದ್ದ ಹೊತ್ತಿನಲ್ಲಿ ಅದು ಭಾರ ಹೆಚ್ಚಿಸಿತು ಎಂಬುದು ನಿಜ. ತಿಂಗಳುಗಟ್ಟಲೆ ಸಂಬಳ ಕಾಣದ ಸಿಬ್ಬಂದಿ ಬೀದಿಗೆ ಬಿದ್ದರು.

ಜೆಟ್ ಏರ್‌ವೇಸ್ ಕೂಡ ಇದೇ ದಾರಿ ಹಿಡಿದಿತ್ತು. 2007ರಲ್ಲಿ 1,450 ಕೋಟಿ ರೂ.ಗೆ ಏರ್ ಸಹಾರಾ ಕೊಂಡು ಅದಕ್ಕೆ 'ಜೆಟ್‌ಲೈಟ್' ಎಂದು ಹೆಸರಿಟ್ಟಿತು. 2009ರಲ್ಲಿ 'ಜೆಟ್ ಕನೆಕ್ಟ್' ಎಂಬ ಇನ್ನೊಂದು ಹೆಸರು ಬಂತು. ಟಿಕೆಟ್ ಕೊಂಡವರಿಗೆ ತಾವು ಹತ್ತುವುದು ಯಾವ ಜೆಟ್ ಎಂಬುದೇ ಗೊಂದಲ. 2014ರ ಕೊನೆಗೆ ಅಗ್ಗದ ಹೆಸರನ್ನು ಕೈಬಿಟ್ಟರು. 2019ರ ಏಪ್ರಿಲ್ 17ರಂದು ಜೆಟ್ ತನ್ನ ಕೊನೆಯ ಹಾರಾಟ ಮುಗಿಸಿತು.

ಹೊರಗಿನವರ ಅನುಭವ

ಅಮೆರಿಕದಲ್ಲಿ ಸೌತ್‌ವೆಸ್ಟ್ ಎಂಬ ಸಂಸ್ಥೆ 1971ರಿಂದ ಅಗ್ಗದ ಹಾರಾಟ ನಡೆಸಿ ದೊಡ್ಡವರನ್ನು ಕಂಗೆಡಿಸಿತ್ತು. ಅದನ್ನು ಎದುರಿಸಲು ಕಾಂಟಿನೆಂಟಲ್ ಸಂಸ್ಥೆ 1993ರಲ್ಲಿ 'ಲೈಟ್' ತೆರೆದು ಎರಡೇ ವರ್ಷಕ್ಕೆ ಮುಚ್ಚಿತು. ಯುನೈಟೆಡ್ ಮೊದಲು 'ಶಟಲ್', ಬಳಿಕ 'ಟೆಡ್' ಎಂದಿತು. ಡೆಲ್ಟಾ ಮೊದಲು 'ಎಕ್ಸ್‌ಪ್ರೆಸ್', ಬಳಿಕ 'ಸಾಂಗ್' ಎಂದಿತು. ಇವುಗಳಲ್ಲಿ ಒಂದೂ ಇವತ್ತು ಉಳಿದಿಲ್ಲ. ತಾಯಿ ಸಂಸ್ಥೆಯ ವೇತನ ಒಪ್ಪಂದ, ತಾಯಿ ಸಂಸ್ಥೆಯ ಆಡಳಿತ, ತಾಯಿ ಸಂಸ್ಥೆಯ ಹಳೆಯ ಅಭ್ಯಾಸಗಳನ್ನು ಹೊತ್ತುಕೊಂಡೇ ಅವು ಹಾರಲು ಹೊರಟಿದ್ದವು.

ಬ್ರಿಟಿಷ್ ಏರ್‌ವೇಸ್‌ನ ಕಥೆ ಇನ್ನೊಂದು ಬಗೆಯದು. 1998ರಲ್ಲಿ ಅದು ತೆರೆದ 'ಗೋ' ಸಂಸ್ಥೆಗೆ ಬೇರೆಯೇ ಮುಖ್ಯಸ್ಥೆ, ಬೇರೆಯೇ ವಿಮಾನ ನಿಲ್ದಾಣ. ಮಗು ಚೆನ್ನಾಗಿಯೇ ಬೆಳೆಯಿತು. ಆದರೆ ತಾಯಿಗೇ ಅದು ಇಷ್ಟವಾಗಲಿಲ್ಲ. ನಮ್ಮ ಗಿರಾಕಿಗಳನ್ನು ಇದು ಸೆಳೆಯುತ್ತದೆ ಎಂಬ ಅಳುಕಿನಿಂದ 2001ರಲ್ಲಿ ಮಾರಿಬಿಟ್ಟರು. ಮರು ವರ್ಷವೇ ಈಸಿಜೆಟ್ ಎಂಬ ಎದುರಾಳಿ ಅದನ್ನು ಮೂರು ಪಾಲಿಗೂ ಹೆಚ್ಚು ಬೆಲೆ ಕೊಟ್ಟು ಕೊಂಡಿತು. ಮನೆಯ ಕರುವನ್ನು ಮಾರಿ, ಅದೇ ಹಸುವಾಗಿ ಪಕ್ಕದ ಮನೆಯಲ್ಲಿ ಹಾಲು ಕೊಡುವುದನ್ನು ನೋಡಿದಂತೆ.

ಗೆದ್ದವರೂ ಇದ್ದಾರೆ. ಆಸ್ಟ್ರೇಲಿಯಾದ ಕ್ವಾಂಟಾಸ್ 2004ರಲ್ಲಿ 'ಜೆಟ್‌ಸ್ಟಾರ್' ಹುಟ್ಟುಹಾಕಿತು. ಕ್ವಾಂಟಾಸ್‌ನ ಕಚೇರಿ ಸಿಡ್ನಿಯಲ್ಲಿ, ಜೆಟ್‌ಸ್ಟಾರ್‌ನದು ಮೆಲ್ಬರ್ನ್‌ನಲ್ಲಿ. ರಜೆಗೆ ಹೋಗುವವರ ಊರುಗಳು ತಮ್ಮನಿಗೆ, ಕಚೇರಿ ಕೆಲಸಕ್ಕೆ ಹೋಗುವವರ ಊರುಗಳು ಅಣ್ಣನಿಗೆ ಎಂಬ ಹಂಚಿಕೆಯನ್ನು ಮುಖ್ಯವಾಗಿ ಪಾಲಿಸಿದರು. ಸಿಂಗಪುರ ಏರ್‌ಲೈನ್ಸ್ 2012ರಲ್ಲಿ ಆರಂಭಿಸಿದ 'ಸ್ಕೂಟ್' ಕೂಡ ಹೀಗೆಯೇ ಬೇರೆ ಬಿಡಾರ ಹೂಡಿ ಉಳಿದುಕೊಂಡಿದೆ.

ಬಜಪೆಗೆ ಬಂದ ಎಕ್ಸ್‌ಪ್ರೆಸ್

ನಮ್ಮ ದೇಶದಲ್ಲಿ ಗೆದ್ದ ಉದಾಹರಣೆ, ಆಶ್ಚರ್ಯವೆಂದರೆ, ಖಾಸಗಿಯವರದಲ್ಲ. ಆಗ ಸರಕಾರದ ಕೈಯಲ್ಲಿದ್ದ ಏರ್ ಇಂಡಿಯಾದ್ದು. 2005ರ ಏಪ್ರಿಲ್‌ನಲ್ಲಿ ತಿರುವನಂತಪುರದಿಂದ ಅಬುಧಾಬಿಗೆ 'ಏರ್ ಇಂಡಿಯಾ ಎಕ್ಸ್‌ಪ್ರೆಸ್' ಹಾರಿತು. ಅದು ಆರಿಸಿಕೊಂಡದ್ದು ಕೊಲ್ಲಿಯ ದಾರಿಯನ್ನು. ಅಲ್ಲಿಗೆ ಹೋಗುವವರಲ್ಲಿ ಬಹುಪಾಲು ದುಡಿಯುವ ಜನ. ದುಬಾರಿ ದರ್ಜೆಯ ಸೀಟು ಅವರಿಗೆ ಬೇಕಿಲ್ಲ. ಸ್ವಂತ ಹಣದಲ್ಲಿ ಟಿಕೆಟ್ ಕೊಳ್ಳುವವರಿಗೆ ಪ್ರತಿ ರೂಪಾಯಿಯೂ ಲೆಕ್ಕ. ಹೀಗಾಗಿ ಅಣ್ಣನ ಗಿರಾಕಿಯನ್ನು ತಮ್ಮ ಕಸಿಯುವ ಪ್ರಶ್ನೆ ಇಲ್ಲಿ ಕಡಿಮೆ ಇತ್ತು.

ಬಜಪೆ ವಿಮಾನ ನಿಲ್ದಾಣಕ್ಕೆ 1951ರ ಡಿಸೆಂಬರ್ 25ರಂದು ಜವಾಹರಲಾಲ್ ನೆಹರೂ ಅವರನ್ನು ಹೊತ್ತ ಡಕೋಟಾ ಬಂದಿಳಿದಾಗಿನಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ದೇಶದೊಳಗಿನ ನಿಲ್ದಾಣವಾಗಿಯೇ ಇತ್ತು. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಕಡೆಯಿಂದ ಕೊಲ್ಲಿಗೆ ಹೊರಟವರು ಮುಂಬಯಿಗೋ ಕೇರಳಕ್ಕೋ ಹೋಗಿ ವಿಮಾನ ಹತ್ತಬೇಕಿತ್ತು. ಹಳೆಯ ರನ್‌ವೇ ಚಿಕ್ಕದು. 2006ರಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಳಕೆಗೆ ಬಂದ ಮೇಲೆ ಅದೇ ವರ್ಷ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಇಲ್ಲಿಂದ ದುಬಾಯಿಗೆ ಹಾರತೊಡಗಿತು. ಗುಡ್ಡದ ತಲೆ ಸವರಿ ಮಾಡಿದ ಇಂಥ ರನ್‌ವೇಗೆ ತಾಯಿ ಸಂಸ್ಥೆಯ ಅಗಲ ಹೊಟ್ಟೆಯ ದೊಡ್ಡ ವಿಮಾನಗಳು ಒಗ್ಗುವಂತಿರಲಿಲ್ಲ. ತಮ್ಮನ ಬಳಿಯಿದ್ದ ಬೋಯಿಂಗ್ 737 ಸರಿಹೊಂದಿತು. ಮಂಗಳೂರಿನಂಥ ಊರುಗಳಿಂದ ಕೊಲ್ಲಿಗೆ ನೇರ ಹಾರಾಟ ಸಾಧ್ಯವಾದದ್ದು ಹೀಗೆ ಅಗ್ಗದ ಹೆಸರಿನಿಂದಲೇ.

ತಾಯಿ ಸಂಸ್ಥೆ ವರ್ಷ ವರ್ಷವೂ ನಷ್ಟದಲ್ಲಿ ಮುಳುಗಿದ್ದಾಗ ಎಕ್ಸ್‌ಪ್ರೆಸ್ 2015-16ರಲ್ಲಿ ಮೊದಲ ಸಲ ಲಾಭ ಕಂಡಿತು. ಆ ವರ್ಷದ ಲಾಭ ಸುಮಾರು 360 ಕೋಟಿ ರೂ. 2022ರ ಜನವರಿಯಲ್ಲಿ ಎರಡೂ ಟಾಟಾ ಸಮೂಹದ ಕೈಸೇರಿದವು. ಬೆಂಗಳೂರನ್ನು ನೆಲೆಯಾಗಿಸಿಕೊಂಡಿದ್ದ ಏರ್‌ಏಷ್ಯಾ ಇಂಡಿಯಾವನ್ನು 2024ರ ಅಕ್ಟೋಬರ್‌ನಲ್ಲಿ ಎಕ್ಸ್‌ಪ್ರೆಸ್‌ನಲ್ಲಿ ವಿಲೀನ ಮಾಡಿದರು. ಮರು ತಿಂಗಳು ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿತು. ನಾಲ್ಕು ಹೆಸರುಗಳು ಎರಡಾದವು: ಒಂದು ಪೂರ್ಣ ಸೇವೆಯದು, ಇನ್ನೊಂದು ಅಗ್ಗದ್ದು.

ಈ ಜೋಡಣೆ ಸುಖವಾಗಿಯೇ ನಡೆಯಿತು ಎನ್ನುವಂತಿಲ್ಲ. 2024ರ ಮೇ ತಿಂಗಳಲ್ಲಿ ಎಕ್ಸ್‌ಪ್ರೆಸ್‌ನ ನೂರಾರು ಗಗನಸಖಿಯರು, ಸಿಬ್ಬಂದಿ ಒಟ್ಟಾಗಿ ಅನಾರೋಗ್ಯ ರಜೆ ಹಾಕಿದರು. ವಿಲೀನದಲ್ಲಿ ತಮಗೆ ಅನ್ಯಾಯವಾಗುತ್ತಿದೆ ಎಂಬುದು ಅವರ ದೂರು. 25 ಮಂದಿಯನ್ನು ಕೆಲಸದಿಂದ ತೆಗೆದರು, ಮಾತುಕತೆಯ ಬಳಿಕ ಮತ್ತೆ ಸೇರಿಸಿಕೊಂಡರು. ಅಷ್ಟರಲ್ಲಿ ಕೊಲ್ಲಿಗೆ ಹೊರಟವರು ಕೇರಳದ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದಿದ್ದರು. ಅಗ್ಗದ ಟಿಕೆಟ್ಟಿನ ಬೆಲೆಯ ಒಂದು ಪಾಲನ್ನು ಸಿಬ್ಬಂದಿಯೂ ಕೊಡುತ್ತಿರುತ್ತಾರೆ ಎಂಬುದು ಆಗ ಹೊರಬಿತ್ತು.

ಮರೆಯಲಾಗದ ಮೇ 22

ಕರಾವಳಿಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಎಂದೊಡನೆ ನೆನಪಾಗುವ ಇನ್ನೊಂದು ದಿನವಿದೆ. 2010ರ ಮೇ 22ರ ಬೆಳಗ್ಗೆ ದುಬಾಯಿಯಿಂದ ಬಂದ ವಿಮಾನ ಬಜಪೆಯ ರನ್‌ವೇ ಮೀರಿ ಕಂದಕಕ್ಕೆ ಉರುಳಿತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಬದುಕಿದವರು ಎಂಟೇ ಮಂದಿ.

ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ಮಂಡಳಿ, ಸರಿಯಾದ ಸ್ಥಿತಿಯಲ್ಲಿಲ್ಲದ ಇಳಿತವನ್ನು ಕ್ಯಾಪ್ಟನ್ ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣ ಎಂದಿತು. ಮತ್ತೆ ಮೇಲೇರಲು ಸಹ ಪೈಲಟ್ ಮೂರು ಸಲ ಹೇಳಿದ್ದರು. ಹಾರಾಟದ ನಡುವೆ ಕ್ಯಾಪ್ಟನ್ ದೀರ್ಘ ನಿದ್ದೆ ಮಾಡಿದ್ದೂ ದಾಖಲಾಗಿತ್ತು. ಅಗ್ಗದ ದರದಿಂದ ಅಪಘಾತವಾಯಿತು ಎಂದು ವರದಿ ಹೇಳಲಿಲ್ಲ. ಹಾಗೆಂದು ಹೇಳುವುದು ತಪ್ಪು ಕೂಡ. ಆದರೆ ಅದರ ಶಿಫಾರಸುಗಳಲ್ಲಿ ಒಂದು ನಮ್ಮ ಇಂದಿನ ವಿಷಯಕ್ಕೆ ನೇರವಾಗಿ ಸೇರಿದ್ದು. ಎಕ್ಸ್‌ಪ್ರೆಸ್ ನಡೆಸುವ ಹಾರಾಟದ ಬಗೆ ತಾಯಿ ಸಂಸ್ಥೆಯದಕ್ಕಿಂತ ಬೇರೆಯಾದ್ದರಿಂದ ಅದು ಪ್ರತ್ಯೇಕ ಸಂಸ್ಥೆಯಾಗಿ ನಡೆಯಬೇಕು ಎಂದು ಮಂಡಳಿ ಸೂಚಿಸಿತು. ವ್ಯಾಪಾರಿಗಳು ಲಾಭಕ್ಕಾಗಿ ಹೇಳುವ 'ಬೇರೆ ಬಿಡಾರ'ದ ಮಾತನ್ನು ತನಿಖಾ ಮಂಡಳಿ ಸುರಕ್ಷತೆಗಾಗಿ ಹೇಳಿತು. ಎರಡನೆಯ ಹೆಸರಿಗೆ ಎರವಲು ಅಧಿಕಾರಿಗಳು ಸಾಲದು. ಅದಕ್ಕೆ ತನ್ನದೇ ಆದ, ಪೂರ್ತಿ ಹೊತ್ತಿನ ಹೊಣೆಗಾರರು ಬೇಕು.

ಕಾನೂನಿನ ದೃಷ್ಟಿಯಲ್ಲೂ ಅಗ್ಗದ ವಿಮಾನ ಬೇರೆ ಜಾತಿಯದಲ್ಲ. ಭಾರತ 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದ, ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರದಲ್ಲಿ ಟಿಕೆಟ್ಟಿನ ದರವನ್ನು ನೋಡುವುದಿಲ್ಲ. ಆದರೂ ಮಂಗಳೂರು ದುರಂತದ ಸಂತ್ರಸ್ತರ ಕುಟುಂಬಗಳು ವರ್ಷಗಟ್ಟಲೆ ನ್ಯಾಯಾಲಯಗಳ ಮೆಟ್ಟಿಲು ಹತ್ತಬೇಕಾಯಿತು. ಒಂದು ಕುಟುಂಬಕ್ಕೆ 7.64 ಕೋಟಿ ರೂ. ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿದ್ದು 2020ರಲ್ಲಿ, ಅಂದರೆ ಹತ್ತು ವರ್ಷಗಳ ಮೇಲೆ.

ಹಾಗಾದರೆ ಬೇಕೇ, ಬೇಡವೇ?

ದೊಡ್ಡ ಸಂಸ್ಥೆ ಸುಮ್ಮನೆ ಕುಳಿತರೂ ಕಷ್ಟವೇ. ಭಾರತದಲ್ಲಿ ಒಂದೇ ಹೆಸರಿನಲ್ಲಿ ಬೆಳೆದ ಇಂಡಿಗೊ ಇವತ್ತು ದೇಶದೊಳಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಒಯ್ಯುತ್ತದೆ. 2024ರ ನವೆಂಬರ್‌ನಲ್ಲಿ ಅದು ತಾನೇ ದುಬಾರಿ ದರ್ಜೆಯನ್ನು ಶುರು ಮಾಡಿತು. ಅಂದರೆ ದೊಡ್ಡವರು ಕೆಳಗೆ ಇಳಿಯುವಾಗ ಅಗ್ಗದವರು ಮೇಲೆ ಏರುತ್ತಿದ್ದಾರೆ. 2025ರ ಡಿಸೆಂಬರ್‌ನಲ್ಲಿ, ಪೈಲಟ್‌ಗಳಿಗೆ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ಹೊಸ ನಿಯಮಕ್ಕೆ ಇಂಡಿಗೊ ತಕ್ಕ ಸಿದ್ಧತೆ ಮಾಡಿಕೊಳ್ಳದೆ ಸಾವಿರಾರು ಹಾರಾಟಗಳು ರದ್ದಾದಾಗ, ಒಬ್ಬರನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು ಇಡೀ ದೇಶ ಕಂಡಿತು. ಅಗ್ಗದ ದರದಲ್ಲಿ ಎರಡನೆಯವರೊಬ್ಬರು ಗಟ್ಟಿಯಾಗಿ ನಿಲ್ಲುವುದು ಪ್ರಯಾಣಿಕರಿಗೆ ಒಳ್ಳೆಯದೇ.

ಇಷ್ಟೆಲ್ಲ ಅನುಭವಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉತ್ತರ ಸಿಗುತ್ತದೆ. ಅಣ್ಣನ ವಿಮಾನಕ್ಕೆ ಬಾರದ ಜನ ತಮ್ಮನಿಗೆ ಸಿಗುವಂತಿದ್ದರೆ, ತಮ್ಮನ ಖರ್ಚು ನಿಜಕ್ಕೂ ಕಡಿಮೆ ಇರುವಂತೆ ಸಂಸಾರ ಕಟ್ಟಲು ಸಾಧ್ಯವಿದ್ದರೆ, ಅವನ ಲೆಕ್ಕಪುಸ್ತಕ, ಅಧಿಕಾರಿಗಳು, ದಾರಿಗಳು ಬೇರೆಯೇ ಇರುವಂತಿದ್ದರೆ, ಎರಡನೆಯ ಹೆಸರು ಬೇಕು. ಎಕ್ಸ್‌ಪ್ರೆಸ್‌ಗೆ ಮೊದಲನೆಯದು ಕೊಲ್ಲಿಯ ದಾರಿಯಲ್ಲಿ ಸಿಕ್ಕಿತು, ಎರಡನೆಯದು ಬೋಯಿಂಗ್ 737ರಿಂದ ಸಿಕ್ಕಿತು, ಮೂರನೆಯದನ್ನು ಅದು ನಿಧಾನವಾಗಿ, ದೊಡ್ಡ ಬೆಲೆ ತೆತ್ತು ಕಲಿಯಿತು. ಕಿಂಗ್‌ಫಿಷರ್ ರೆಡ್‌ಗೆ ಈ ಮೂರರಲ್ಲಿ ಒಂದೂ ಒದಗಲಿಲ್ಲ. ಎದುರಾಳಿಯನ್ನು ಹೆದರಿಸಲೆಂದೋ ಪರವಾನಗಿಗಾಗಿಯೋ ವಿಮಾನಕ್ಕೆ ಬೇರೆ ಬಣ್ಣ ಬಳಿಯುವುದಾದರೆ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿ ಸೌದೆ ಸುಡುವುದಷ್ಟೇ ಆಗುತ್ತದೆ.

ಪ್ರಯಾಣಿಕರಿಗೂ ಇದರಲ್ಲಿ ಒಂದು ಪಾಠವಿದೆ. ಟಿಕೆಟ್ಟಿನ ದರ ಮಾತ್ರ ನೋಡಿದರೆ ಸಾಲದು. ಎಷ್ಟು ಕಿಲೋ ಸಾಮಾನಿಗೆ ಅವಕಾಶವಿದೆ, ಹಾರಾಟ ರದ್ದಾದರೆ ಹಣ ಹಿಂದಿರುಗುವುದೋ ಬೇರೆ ವಿಮಾನ ಸಿಗುವುದೋ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಊಟ, ದಿಂಬು, ಕಾಲು ಚಾಚುವ ಜಾಗ ಇವುಗಳಲ್ಲಿ ಸಂಸ್ಥೆ ಎಷ್ಟು ಬೇಕಾದರೂ ಉಳಿಸಿಕೊಳ್ಳಲಿ, ಯಾರೂ ಬೇಡವೆನ್ನುವುದಿಲ್ಲ. ಪೈಲಟ್ಟಿನ ನಿದ್ದೆಯಲ್ಲಿ, ಎಂಜಿನಿಯರಿನ ಸಮಯದಲ್ಲಿ ಉಳಿತಾಯ ಮಾಡುವಂತಿಲ್ಲ. ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ದುರಂತದಲ್ಲಿ ಮಡಿದವರ ಸ್ಮಾರಕವಿದೆ. ಗುರುತು ಸಿಗದ ಕೆಲವರನ್ನು ಮಣ್ಣು ಮಾಡಿದ್ದು ಅಲ್ಲಿಯೇ. ಅವರೂ ಅಗ್ಗದ ಟಿಕೆಟ್ ಕೊಂಡು, ಮನೆಯವರಿಗೆ ಉಡುಗೊರೆ ಕಟ್ಟಿಕೊಂಡು ಊರಿಗೆ ಹೊರಟಿದ್ದವರೇ.